ನೋಡಕ್ಕೊಂದು ಕಣ್ಣು, ಜೊತೆಗೊಂದು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ "ಒಂದು ಕಣ್ಣು ಮುಚ್ಚಿಕೋ" ಎನ್ನುವುದು. ಸರ್ಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ಮೊದಲು ನೇತ್ರ ಸಹಾಯಕ ಎಂದಿತ್ತು, ಆಮೇಲೆ ನೇತ್ರಾಧಿಕಾರಿ ಎಂದಾಯಿತು. ಹೆಸರಿಗೆ ಅಧಿಕಾರ ಬಂತು, ಹೊರುವ ಟ್ರಂಕು ಅದೇ ಉಳಿಯಿತು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಕೊನೆಗೆ ಶ್ರೀರಂಗಪಟ್ಟಣ, ಹೀಗೆ ನಾಲ್ಕು ತಾಲ್ಲೂಕು ಸುತ್ತಿದೆ. ಎಲ್ಲ ಕಡೆಯೂ ಮಕ್ಕಳು ನನ್ನನ್ನು ಕಣ್ ಮೇಷ್ಟ್ರು ಎಂದೇ ಕರೆದರು.

ಈಗ ಬಾಬುರಾಯನಕೊಪ್ಪಲಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಕಳೆದ ತಿಂಗಳು ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು, ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ, ಯಾರೋ ಹೇಳಿದರೆಂದು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಹುಡುಗ ಇಲಾಖಾ ಪರೀಕ್ಷೆ ಯಾವುದು ಬರೆಯಬೇಕು, ಬಡ್ತಿ ಯಾವಾಗ ಬರುತ್ತದೆ ಎಂದು ಕೇಳಿದ. ಅದನ್ನೆಲ್ಲ ಬಡ್ತಿ ಸಿಕ್ಕಿದವರನ್ನು ಕೇಳಪ್ಪ ಎಂದೆ. ಹುಡುಗಿ ಮಾತ್ರ, ದಿನವೂ ಮಕ್ಕಳ ಜೊತೆ ಕೆಲಸ ಮಾಡುವುದು ಹೇಗಿರುತ್ತದೆ ಸಾರ್ ಎಂದು ಕೇಳಿದಳು. ಬಹಳ ಚೆನ್ನಾಗಿರುತ್ತದೆ ಎಂದುಬಿಟ್ಟೆ. ಅವರು ಹೋದ ಮೇಲೆ, ನಾನು ಹೇಳಿದ್ದು ಅರ್ಧ ಉತ್ತರ ಎನಿಸಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗಿನ ನಮ್ಮ ಸಲಕರಣೆ ಎಂದರೆ ಒಂದು ತಗಡಿನ ಟ್ರಂಕು. ಅದರೊಳಗೆ ಟಾರ್ಚು, ಗಾಜುಗಳ ಪೆಟ್ಟಿಗೆ, ಇಪ್ಪತ್ತು ಅಡಿಯ ಹಗ್ಗ ಮತ್ತು ಸುತ್ತಿಟ್ಟ ಚಾರ್ಟು. ಚಾರ್ಟಿನಲ್ಲಿ ಅಕ್ಷರಗಳಿರುತ್ತಿರಲಿಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಒಂದೇ ಗುರುತು, ಮೇಲಿನ ಸಾಲಿನಲ್ಲಿ ದೊಡ್ಡದು, ಕೆಳಗಿಳಿದಂತೆಲ್ಲ ಚಿಕ್ಕದು. ಹಲ್ಲು ಒಂದರಲ್ಲಿ ಮೇಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ, ಮತ್ತೊಂದರಲ್ಲಿ ಕೆಳಕ್ಕೆ ಇರುತ್ತಿತ್ತು. ಮಗು ಹಗ್ಗದ ಆ ತುದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಹಲ್ಲು ಯಾವ ಕಡೆಗಿದೆ ಎಂದು ಬಾಯಲ್ಲಿ ಹೇಳಿ ಕೈಯಲ್ಲೂ ತೋರಿಸಬೇಕು. ಇಷ್ಟೇ ವಿದ್ಯೆ.

ನಾಗಮಂಗಲದಲ್ಲಿ ನಾನು ಹೊಸಬ, ಮಕ್ಕಳಿಗೆ ಈ ಪರೀಕ್ಷೆಯೂ ಹೊಸದು. ಕಣ್ಣಿನವರು ಬರುತ್ತಾರೆಂದು ತಾಯಂದಿರು ಮಕ್ಕಳ ಮುಖ ತೊಳೆದು, ಕಣ್ಣಿಗೆ ಎರಡು ಬೆರಳು ದಪ್ಪ ಕಾಡಿಗೆ ಮೆತ್ತಿ ಕಳಿಸುತ್ತಿದ್ದರು. ಕಾಡಿಗೆ ಒರೆಸುವುದರಲ್ಲೇ ನನ್ನ ಬೆಳಗಿನ ಹೊತ್ತು ಕಳೆಯುತ್ತಿತ್ತು. ಒಂದು ಕಣ್ಣು ಮುಚ್ಚಿಕೋ ಎಂದರೆ ಎರಡನ್ನೂ ಮುಚ್ಚಿಕೊಂಡು, ಚಾರ್ಟಿನಲ್ಲಿ ಏನಿದೆ ಎಂದು ಧೈರ್ಯವಾಗಿ ಹೇಳುವವರಿದ್ದರು. ಎಷ್ಟು ಬೆರಳು ಎಂದು ನಾನು ಮೂರು ಬೆರಳು ಎತ್ತಿದರೆ, ಒಂದನೇ ತರಗತಿಯ ಒಬ್ಬ ಹುಡುಗ ಹತ್ತಿರ ಬಂದು ನನ್ನ ಮಡಿಸಿದ ಬೆರಳೆರಡನ್ನೂ ಬಿಡಿಸಿ ಎಣಿಸಿ, "ಐದವೆ ಸಾ, ಎಲ್ಲಾ ಸರ್ಯಾಗವೆ" ಎಂದು ಸಮಾಧಾನ ಹೇಳಿದ.

ಅಲ್ಲೇ ಒಬ್ಬ ಹುಡುಗನಿಗೆ ದೊಡ್ಡ ಪವರಿನ ಕನ್ನಡಕ ಬಂತು. ಹಾಕಿಕೊಂಡ ಮೇಲೆ ಅವನು ಮರ ನೋಡಲಿಲ್ಲ, ಬೋರ್ಡು ನೋಡಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ತಾಯಿಯನ್ನು ನೋಡಿ, ಅವ್ವ ನಿನ್ನ ಮೂಗಿನ ಮೇಲೆ ಮಚ್ಚೆ ಅದೆ ಎಂದು ಕೂಗಿದ. ಮಗನನ್ನು ಹೆತ್ತಾಗಿನಿಂದ ಅವನ ಮುಖದ ಮುಂದೆಯೇ ಇದ್ದ ಮಚ್ಚೆ ಅದು. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಾಚಿಕೊಂಡರು. ಆ ದಿನ ಊಟವನ್ನೂ ಮರೆತು ಕೆಲಸ ಮಾಡಿದ್ದು ನೆನಪಿದೆ.

ಕೆ.ಆರ್. ಪೇಟೆಯಲ್ಲಿದ್ದಾಗ ಹತ್ತೊಂಬತ್ತರ ಒಬ್ಬ ಹುಡುಗ ಪೊಲೀಸ್ ಕೆಲಸಕ್ಕೆ ಬೇಕಾದ ದೃಷ್ಟಿ ಪ್ರಮಾಣಪತ್ರಕ್ಕೆ ಬಂದ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಪುಸ್ತಕವೊಂದಿದೆ, ಬಣ್ಣ ಗುರುತಿಸಲು ಆಗದವರಿಗೆ ಆ ಅಂಕಿ ಕಾಣುವುದಿಲ್ಲ. ನನ್ನ ಪುಸ್ತಕ ಹಳೆಯದಾಗಿ ಬಣ್ಣ ಮಾಸಿತ್ತು, ಅವನು ಹೇಗೋ ಪಾರಾದ. ಪೆನ್ನಿನ ಮುಚ್ಚಳ ತೆಗೆದು ಸಹಿ ಮಾಡಬೇಕು, ಅಷ್ಟರಲ್ಲಿ ಅವನೇ ಬಾಯಿಬಿಟ್ಟ.

"ಸಾ, ಒಂದ್ ಮಾತು. ನಂಗೆ ಟಮೋಟ ಹಣ್ಣಾಗದೋ ಇಲ್ವೋ ನೋಡುದ್ರೆ ಗೊತ್ತಾಗಾಕಿಲ್ಲ. ಅದುಮಿ ನೋಡೇ ಕೀಳೋದು. ಅದೇನಾದ್ರೂ ತೊಂದ್ರೆ ಆಯ್ತದಾ?"

ಇವನು ಯಾಕೆ ಹೇಳಿದ ಎಂದು ನನಗೇ ಸಿಟ್ಟು ಬಂತು. ಡಾಕ್ಟರ ಹತ್ತಿರ ಏನೂ ಮುಚ್ಚಿಡಬಾರದು ಎಂದು ಅವನ ತಾಯಿ ಹೇಳಿ ಕಳಿಸಿದ್ದರಂತೆ. ಮಂಡ್ಯದಿಂದ ಹೊಸ ಪುಸ್ತಕ ತರಿಸಿ ಮತ್ತೆ ನೋಡಿದೆ, ಒಂದು ಅಂಕಿಯೂ ಕಾಣಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಹುಡುಗ ಕಾಗದ ಓದಿಕೊಂಡು, ಕೈಮುಗಿದು, ನನಗೆ ಥ್ಯಾಂಕ್ಸ್ ಹೇಳಿ ಹೋದ. ಬೈದು ಹೋಗಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ. ಅವನು ಈಗ ಎಲ್ಲಿದ್ದಾನೋ ಗೊತ್ತಿಲ್ಲ.

ಈಗಿನ ಮಕ್ಕಳಿಗೆ ಈ ಮುಗ್ಧತೆ ಇಲ್ಲ ಎಂದು ನನ್ನ ಓರಗೆಯವರು ಪಾರ್ಕಿನ ಬೆಂಚಿನ ಮೇಲೆ ಕೂತು ಹೇಳುತ್ತಾರೆ. ಮೊಬೈಲು ಕೆಡಿಸಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಶ್ರೀರಂಗಪಟ್ಟಣದ ನನ್ನ ಕೊನೆಯ ವರ್ಷಗಳಲ್ಲಿ ಹೊಸ ಯಂತ್ರ ಬಂದಿತ್ತು. ಮಗು ಗಲ್ಲ ಊರಿ ಕೂತು ಒಳಗೆ ಕಾಣುವ ಚಿತ್ರ ನೋಡುತ್ತಿದ್ದರೆ ಸಾಕು, ಬಾಯಿ ಬಿಡುವ ಮೊದಲೇ ಪವರ್ ಎಷ್ಟೆಂದು ಚೀಟಿ ಬರುತ್ತದೆ. ಹೆದ್ದಾರಿಯ ಪಕ್ಕದ ಶಾಲೆಯ ಒಬ್ಬ ಹುಡುಗಿ, ಕೈಯಲ್ಲಿ ಸ್ಮಾರ್ಟ್ ವಾಚು ಕಟ್ಟಿಕೊಂಡಿದ್ದವಳು, ಯಂತ್ರದೊಳಗಿನ ಚಿತ್ರದ ಮನೆಯಲ್ಲಿ ಯಾರು ಇರುತ್ತಾರೆ ಸಾರ್, ಬಾಗಿಲು ಯಾಕೆ ಯಾವಾಗಲೂ ಮುಚ್ಚಿರುತ್ತದೆ ಎಂದು ಕೇಳಿದಳು. ಕೇಳುವ ಮಕ್ಕಳು ಇದ್ದೇ ಇದ್ದಾರೆ, ಹತ್ತಿರ ಕೂತುಕೊಳ್ಳುವ ದೊಡ್ಡವರು ಕಡಿಮೆಯಾಗಿದ್ದಾರೆ ಅಷ್ಟೆ.

ಮಕ್ಕಳ ಇಂಥ ಮಾತು ನಮಗೆ ಯಾಕೆ ಇಷ್ಟವಾಗುತ್ತದೆ ಎಂದು ನಿವೃತ್ತಿಯಾದ ಮೇಲೆ ಬಿಡುವಾಗಿ ಯೋಚಿಸಿದ್ದೇನೆ. ಅವರ ಮುಂದೆ ನಿಂತಾಗ ನಾವೂ ಒಳ್ಳೆಯವರು ಎನಿಸುತ್ತದೆ. ಅವರು ನಮ್ಮನ್ನು ನಂಬುತ್ತಾರೆ, ಆ ನಂಬಿಕೆ ಮೈಗೆ ಹಿತವಾಗಿರುತ್ತದೆ. ಬಸ್ಸಿನ ನೂಕುನುಗ್ಗಲು, ಮೇಲಿನವರ ಬೈಗುಳ, ತಿಂಗಳಿಗೆ ಇಷ್ಟು ಶಾಲೆ ಮುಗಿಸಲೇಬೇಕೆಂಬ ಒತ್ತಡ, ಎಲ್ಲವೂ ಒಂದು ಮಗುವಿನ ಮಾತಿನಿಂದ ಹಗುರಾಗುತ್ತದೆ. ನಾನಂತೂ ಇಂಥ ಪ್ರಸಂಗಗಳನ್ನು ಕೂಡಿಸಿಟ್ಟುಕೊಂಡು ಆಸ್ಪತ್ರೆಯ ಟೀ ಹೊತ್ತಿನಲ್ಲಿ ಹೇಳುತ್ತಿದ್ದೆ. ಅಭಿನಯ ಸಮೇತ ಹೇಳುತ್ತಿದ್ದೆ. ಮೀಟಿಂಗು ಬೇಸರವಾದರೆ ನಮ್ಮ ಮೇಲಧಿಕಾರಿಯೇ, ಅದೊಂದು ಹೇಳ್ರಿ ಎಂದು ನನ್ನನ್ನು ಎಬ್ಬಿಸುತ್ತಿದ್ದರು. ನನ್ನ ದೊಡ್ಡ ತಪ್ಪು ಹುಟ್ಟಿದ್ದು ಇದೇ ಸುಖದಿಂದ. ಪಾಂಡವಪುರದ್ದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ.

ತೊಣ್ಣೂರು ಕೆರೆಯಿಂದ ಆಚೆಗೆ ಒಂದು ಸಣ್ಣ ಹಳ್ಳಿ, ಅಲ್ಲೊಂದು ಸರ್ಕಾರಿ ಪ್ರಾಥಮಿಕ ಶಾಲೆ. ಕಣ್ಣಿನ ಪರೀಕ್ಷೆಗೆ ಬರುತ್ತೇವೆಂದು ಮೊದಲೇ ಪತ್ರ ಹೋಗಿತ್ತು. ಮೊದಲನೆಯ ಮಗು ಬಂದು ನಿಂತು, ಮೇಲಕ್ಕೆ, ಬಲಕ್ಕೆ, ಕೆಳಕ್ಕೆ, ಎಡಕ್ಕೆ ಎಂದು ಒಂದೇ ಉಸಿರಿಗೆ ಕೊನೆಯ ಸಾಲಿನವರೆಗೂ ಹೇಳಿತು. ಎರಡನೆಯದೂ ಹಾಗೇ ಹೇಳಿತು. ಐದನೆಯ ಮಗುವೂ ಮಗ್ಗಿ ಹೇಳುವ ಅದೇ ರಾಗದಲ್ಲಿ ಶುರುಮಾಡಿದಾಗ ನನಗೆ ಅನುಮಾನ ಬಂತು.

ಹೆಡ್‌ಮಾಸ್ಟರು ವಯಸ್ಸಾದವರು, ಶಿಸ್ತಿನ ಮನುಷ್ಯ. ಅವರನ್ನು ಕೇಳಿದರೆ ಯಾವ ಮುಚ್ಚುಮರೆಯೂ ಇಲ್ಲದೆ ಹೆಮ್ಮೆಯಿಂದ ಒಪ್ಪಿಕೊಂಡರು. ಪತ್ರದಲ್ಲಿ ಪರೀಕ್ಷೆ ಎಂದಿತ್ತಲ್ಲ, ಪಕ್ಕದೂರಿನ ಶಾಲೆಯಿಂದ ಚಾರ್ಟು ಎರವಲು ತಂದು, ಕರಿಹಲಗೆಯ ಮೇಲೆ ಬರೆದು, ಒಂದು ವಾರ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದರು. ತಾಲ್ಲೂಕಿನವರು ಬಂದು ತೆಗೆದುಕೊಂಡ ಯಾವ ಪರೀಕ್ಷೆಯಲ್ಲೂ ಅವರ ಶಾಲೆಯ ಒಂದು ಮಗುವೂ ಫೇಲಾಗಿರಲಿಲ್ಲವಂತೆ. ನಾನು ಅಲ್ಲೇ ಜಗಲಿಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಪಾಪ, ಅವರಿಗೆ ನಾನೇಕೆ ನಗುತ್ತಿದ್ದೇನೆಂದು ತಿಳಿಯಲಿಲ್ಲ.

ಕೆಲಸ ಮಾತ್ರ ಬಿಡಲಿಲ್ಲ. ಚಾರ್ಟನ್ನು ತಲೆಕೆಳಗು ಮಾಡಿ ನೇತುಹಾಕಿ, ಎಲ್ಲ ಮಕ್ಕಳನ್ನೂ ಮತ್ತೆ ಸಾಲಾಗಿ ನಿಲ್ಲಿಸಿದೆ. ಬಾಯಿಪಾಠ ಕೈಕೊಟ್ಟಿತು, ಇಬ್ಬರಿಗೆ ಕನ್ನಡಕ ಬೇಕೆಂದು ಗೊತ್ತಾಯಿತು. ಕೊನೆಗೆ ಉಳಿದವಳು ಮೂರನೇ ತರಗತಿಯ ರಂಜಿತಾ. ಎರಡು ಜಡೆ, ಕೆಂಪು ರಿಬ್ಬನ್ನು, ಮುಂದಿನ ಒಂದು ಹಲ್ಲು ಬಿದ್ದಿತ್ತು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದ್ದವಳು ಅವಳೇ, ಕೈಯನ್ನು ಮೇಲೆ ಕೆಳಗೆ ಆಡಿಸುತ್ತ, ಒಂದು ತಡವರಿಕೆಯೂ ಇಲ್ಲದೆ. ಅದನ್ನು ಇನ್ನೊಂದು ಸಲ ಕೇಳಬೇಕೆಂಬ ಆಸೆ ನನಗೆ. ಅವಳಿಗೋಸ್ಕರ ಚಾರ್ಟನ್ನು ಮತ್ತೆ ನೆಟ್ಟಗೆ ಮಾಡಿದೆ. ಮೇಷ್ಟರುಗಳನ್ನೂ ಅಡುಗೆಯವರನ್ನೂ ಕರೆದೆ. ರಂಜಿತಾ ಎಡಗಣ್ಣು ಮುಚ್ಚಿಕೊಂಡು ಒಂದು ಸಲ, ಬಲಗಣ್ಣು ಮುಚ್ಚಿಕೊಂಡು ಇನ್ನೊಂದು ಸಲ, ಪೂರ್ತಿ ಹೇಳಿದಳು. ಎಲ್ಲರೂ ಚಪ್ಪಾಳೆ ಹೊಡೆದೆವು. ನನ್ನ ಜೇಬಿನಲ್ಲಿದ್ದ ಹೊಸ ಪೆನ್ಸಿಲು ಅವಳಿಗೆ ಕೊಟ್ಟೆ. ಕೆರೆ ಏರಿಯ ಮೇಲೆ ಬಸ್ಸು ಬರುವುದು ಕಂಡಿತು. ಅವಳ ಹೆಸರಿನ ಮುಂದೆ 'ದೃಷ್ಟಿ ಸರಿಯಿದೆ' ಎಂದು ಬರೆದು, ಟ್ರಂಕು ಎತ್ತಿಕೊಂಡು ಓಡಿದೆ.

ಎರಡು ವರ್ಷ ಆ ಕಥೆಯನ್ನು ಹೇಳಿದ್ದೇ ಹೇಳಿದ್ದು. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಹೇಳಿದ್ದೇನೆ. ಆಮೇಲೆ ನಮ್ಮಲ್ಲಿಗೆ ವಾರಕ್ಕೊಂದು ದಿನ ಬರುವ ಕಣ್ಣಿನ ಡಾಕ್ಟರಾಗಿ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಬಂದರು. ನನ್ನ ಮಗಳ ವಯಸ್ಸು. ಹೊಸಬರು ಬಂದರೆಂದು ಟೀ ಕುಡಿಯುವಾಗ ಜೊತೆಯವರು ನನ್ನಿಂದ ಆ ಕಥೆ ಹೇಳಿಸಿದರು. ಎಲ್ಲರೂ ನಕ್ಕರು, ಆಕೆಯೂ ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು.

"ಆ ಕೊನೆ ಹುಡುಗೀನ ಮತ್ತೆ ಟೆಸ್ಟ್ ಮಾಡಿದ್ರಾ ಸರ್?"

"ಮಾಡಿದೆನಲ್ಲ ಮೇಡಂ, ಪಟಪಟ ಅಂತ ಹೇಳಿದ್ಳು."

"ಹೇಳಿದ್ಳು ಸರ್. ನೋಡಿದ್ಳಾ?"

ನನಗೆ ಮೊದಲು ಬಂದದ್ದು ಸಿಟ್ಟು. ನಾನು ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ ಗೊತ್ತಾ ಎಂದು ಏನೇನೋ ಮಾತಾಡಿದೆ. ಆಕೆ ವಾದ ಮಾಡಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ, ಆ ಶಾಲೆಯ ಅಷ್ಟೂ ಮಕ್ಕಳ ಕಣ್ಣನ್ನು ನೋಡಿದ್ದೇನೆ, ನನಗೆ ಎಲ್ಲರಿಗಿಂತ ಇಷ್ಟವಾದ ಮಗುವಿನ ಕಣ್ಣನ್ನು ಮಾತ್ರ ನೋಡಿಲ್ಲ ಎಂಬುದು ಸ್ಪಷ್ಟವಾಯಿತು. ಮಾರನೆಯ ದಿನ ಯಾರ ಅಪ್ಪಣೆಯನ್ನೂ ಕೇಳದೆ ಮೊದಲ ಬಸ್ಸು ಹತ್ತಿದೆ.

ರಂಜಿತಾ ಐದನೇ ತರಗತಿಯಲ್ಲಿದ್ದಳು. ನನ್ನ ಗುರುತು ಹಿಡಿದು ಓಡಿ ಬಂದಳು. ನಾನು ಹಗ್ಗ ಹಾಸುವ ಮೊದಲೇ ಸರಿಯಾದ ಜಾಗದಲ್ಲಿ ನಿಂತು ಎಡಗಣ್ಣು ಮುಚ್ಚಿಕೊಂಡಳು. ಚಾರ್ಟು ತಲೆಕೆಳಗಾಗಿತ್ತು. ಬಲಗಣ್ಣಿನಲ್ಲಿ ಎಲ್ಲ ಸಾಲನ್ನೂ ಸರಿಯಾಗಿ ತೋರಿಸಿದಳು. ಬಲಗಣ್ಣು ಮುಚ್ಚಿದ ಕೂಡಲೇ, ಮೇಲಕ್ಕೆ, ಬಲಕ್ಕೆ, ಕೆಳಕ್ಕೆ ಎಂದು ಹಳೆಯ ಪಾಠವನ್ನೇ ಒಪ್ಪಿಸತೊಡಗಿದಳು. ಒಂದೂ ಸರಿಯಿರಲಿಲ್ಲ. ಚಾರ್ಟು ಬಿಟ್ಟು ಬೆರಳು ತೋರಿಸಿದೆ. ಹತ್ತು ಅಡಿಯಲ್ಲಿ ಕಾಣಲಿಲ್ಲ, ಆರು ಅಡಿಯಲ್ಲಿ ಕಾಣಲಿಲ್ಲ. ಮೂರು ಅಡಿಗೆ ಬಂದಾಗ ಎಣಿಸಿದಳು.

ಈ ಕಣ್ಣು ಕಾಣುವುದಿಲ್ಲ ಎಂದು ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಎಲ್ಲಾರ್ಗೂ ಅಂಗೇ ಅಲ್ವಾ ಸಾ? ಒಂದ್ ಕಣ್ಣು ನೋಡಕ್ಕೆ, ಇನ್ನೊಂದು ಜೊತೆಗೆ."

ಎರಡು ವರ್ಷದ ಹಿಂದೆ ಈ ಮಾತು ಸಿಕ್ಕಿದ್ದರೆ ಇದನ್ನೂ ಟೀ ಹೊತ್ತಿಗೆ ಕೊಂಡೊಯ್ಯುತ್ತಿದ್ದೆ. ಆ ದಿನ ಹಗ್ಗ ಸುತ್ತಿ ಟ್ರಂಕಿಗೆ ಹಾಕಿ, ನಿಮ್ಮ ಮನೆ ಎಲ್ಲಿ ಎಂದು ಕೇಳಿದೆ. ಹುಟ್ಟಿನಿಂದಲೇ ಒಂದು ಕಣ್ಣಿನ ಪವರ್ ಬಹಳ ಹೆಚ್ಚಿದ್ದರೆ ಮೆದುಳು ಆ ಕಣ್ಣನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನೋಡಲು ಕಣ್ಣು ಚೆನ್ನಾಗೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಚಿಕ್ಕಂದಿನಲ್ಲಿ ಕಂಡುಹಿಡಿದು, ಕನ್ನಡಕ ಹಾಕಿ, ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಕಟ್ಟಿ ಸೋಮಾರಿ ಕಣ್ಣಿಗೆ ಕೆಲಸ ಕೊಟ್ಟರೆ ದೃಷ್ಟಿ ಬರುತ್ತದೆ. ವರ್ಷ ಕಳೆದಷ್ಟೂ ಕಷ್ಟ. ಅವಳ ಪಾಲಿನ ಒಳ್ಳೆಯ ಎರಡು ವರ್ಷಗಳನ್ನು ನಾನು ಚಪ್ಪಾಳೆ ಹೊಡೆದು ಕಳೆದಿದ್ದೆ.

ಅವಳ ಮನೆಗೆ ಹೋದೆ. ತಂದೆ ಡೇರಿಗೆ ಹಾಲು ಹಾಕಿ ಬಂದು ಹಸುವಿಗೆ ಹುಲ್ಲು ಹಾಕುತ್ತಿದ್ದರು. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ, ಪೆನ್ಸಿಲಿನ ವಿಷಯವನ್ನೂ ಹೇಳಿದೆ. ಆತ ಹುಲ್ಲಿನ ಕಂತೆ ಕೆಳಗಿಟ್ಟರು.

"ನೀವೇ ಬಂದು ಏಳುದ್ರಲ್ಲ, ಬುಡಿ ಸಾ. ಈಗ ಏನ್ ಮಾಡ್ಬೇಕು ಅದ ಏಳಿ."

ನಮ್ಮ ಮೇಲಧಿಕಾರಿಗೂ ಹೇಳಿದೆ. ಇಷ್ಟೊಂದು ಮಕ್ಕಳಲ್ಲಿ ಒಂದು ತಪ್ಪುವುದು ಸಹಜ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಆ ಚಿಕ್ಕ ಡಾಕ್ಟರ ಹತ್ತಿರ ಹೋಗಿ, ನೀವು ಕೇಳಿದ್ದು ಸರಿ ಎಂದು ತಪ್ಪೊಪ್ಪಿಕೊಂಡೆ. ಆಕೆ ಪೂರ್ತಿ ಪರೀಕ್ಷೆ ಮಾಡಿ, ಕನ್ನಡಕ ಬರೆದು, ದಿನಕ್ಕೆ ಆರು ಗಂಟೆ ಬಲಗಣ್ಣಿಗೆ ಪಟ್ಟಿ ಎಂದರು. ಹನ್ನೆರಡು ವರ್ಷ ತುಂಬುವುದರೊಳಗೆ ಬಂದಷ್ಟು ಬರುತ್ತದೆ ಸರ್, ಆಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳುವ ಹಾಗಿಲ್ಲ ಎಂದೂ ಹೇಳಿದರು. ಅವಳಿಗೆ ಆಗಲೇ ಹತ್ತು ದಾಟಿತ್ತು.

ಪಟ್ಟಿ ಕಟ್ಟಿಸಿಕೊಂಡ ಮಕ್ಕಳು ಸಾಮಾನ್ಯವಾಗಿ ಎರಡನೆಯ ದಿನವೇ ಅಂಚು ಎತ್ತಿ ಇಣುಕುತ್ತಾರೆ. ಅವರ ತಪ್ಪಲ್ಲ, ಕಾಣುವ ಕಣ್ಣನ್ನು ಮುಚ್ಚಿಕೊಂಡು ಕಾಣದ ಕಣ್ಣಿನಲ್ಲಿ ದಿನ ಕಳೆಯುವುದು ಸುಲಭವಲ್ಲ. ರಂಜಿತಾ ಇಣುಕಲಿಲ್ಲ. ಕಣ್ ಮೇಷ್ಟ್ರು ಹೇಳಿದ್ದಾರೆ ಎಂಬುದೊಂದೇ ಅವಳಿಗೆ ಸಾಕಾಗಿತ್ತು. ಹೊಸಿಲು ಎಡವಿದಳು, ಬೋರ್ಡು ಕಾಣದೆ ಲೆಕ್ಕ ತಪ್ಪು ಮಾಡಿದಳು, ಜೊತೆಯವರಿಂದ ಒಂಟಿಗಣ್ಣಿ ಎನ್ನಿಸಿಕೊಂಡಳು. ಮನೆಯಲ್ಲಿ ಅಕ್ಕಿಯ ಕಲ್ಲು ಆರಿಸು, ಮಣಿ ಪೋಣಿಸು ಎಂದು ಹೇಳಿಕೊಟ್ಟಿದ್ದೆ. ಮೊರವನ್ನು ಮೂಗಿಗೆ ತಾಗಿಸಿಕೊಂಡು ಕೂರುತ್ತಾಳೆ, ಒಂದು ಪಾವು ಅಕ್ಕಿಗೆ ಒಂದು ಹೊತ್ತು ಬೇಕು, ಆದರೂ ಬೇರೆಯವರಿಗೆ ಕೊಡುವುದಿಲ್ಲ ಎಂದು ಅವಳ ತಾಯಿ ಹೇಳುತ್ತಿದ್ದರು. ಯಾವ ಮುಗ್ಧತೆಯನ್ನು ನಾನು ಆಟದ ಸಾಮಾನು ಮಾಡಿಕೊಂಡಿದ್ದೆನೋ ಅದೇ ಈಗ ಅವಳ ಔಷಧಿಯಾಗಿತ್ತು. ಅವಳನ್ನು ನೋಡಿದಾಗಲೆಲ್ಲ ನನಗೆ ಸಂತೋಷವೂ ನಾಚಿಕೆಯೂ ಒಟ್ಟಿಗೆ ಆಗುತ್ತಿತ್ತು.

ತಿಂಗಳಿಗೊಮ್ಮೆ ನನ್ನ ರಜೆಯ ದಿನ ಹೋಗುತ್ತಿದ್ದೆ. ಪ್ರತಿ ಸಲವೂ ಬೇರೆ ಚಾರ್ಟು ಒಯ್ಯುತ್ತಿದ್ದೆ, ಬಾಯಿಪಾಠವಾಗಬಾರದೆಂದು. ಮೊದಲ ನಾಲ್ಕು ತಿಂಗಳು ಮೇಲಿನ ದೊಡ್ಡ ಗುರುತೂ ಕಾಣಲಿಲ್ಲ. ಐದನೆಯ ತಿಂಗಳು ಮೊದಲ ಸಾಲು ಕಂಡಿತು. ಬರುವ ದಾರಿಯಲ್ಲಿ ಕೆರೆ ಏರಿಯ ಮೇಲೆ ಬಸ್ಸು ಇಳಿದು, ಮುಂದಿನ ಬಸ್ಸು ಬರುವವರೆಗೂ ನೀರು ನೋಡುತ್ತ ನಿಂತಿದ್ದೆ. ಆಮೇಲೆ ಎರಡನೆಯ ಸಾಲು, ಮೂರನೆಯದು, ನಾಲ್ಕನೆಯದು. ಒಂದೊಂದು ಸಾಲಿಗೂ ತಿಂಗಳುಗಟ್ಟಲೆ ಹಿಡಿಯಿತು. ಚಾರ್ಟಿನಲ್ಲಿ ಇದ್ದದ್ದು ಏಳು ಸಾಲು.

ಹೊಸದಾಗಿ ಸೇರಿರುವ ಆ ಇಬ್ಬರಿಗೆ ಹೇಳಬೇಕೆಂದಿರುವುದು ಇಷ್ಟೇ. ಮಕ್ಕಳ ಮಾತಿಗೆ ನಗಿ, ಮನಸ್ಸು ತುಂಬಿಕೊಳ್ಳಿ, ಅದಿಲ್ಲದೆ ಈ ಕೆಲಸ ಮಾಡಲಾಗುವುದಿಲ್ಲ. ನಕ್ಕ ಮೇಲೆ ಚಾರ್ಟು ತಿರುಗಿಸಿ ಇನ್ನೊಂದು ಸಲ ನೋಡಿ. ನಿಮಗೆ ಮುದ್ದು ಬಂದ ಮಗುವನ್ನು ಎರಡು ಸಲ ನೋಡಿ.

ಅವಳು ಹನ್ನೆರಡು ತುಂಬಿ ದೊಡ್ಡ ಶಾಲೆಗೆ ಹೋಗುವ ಮುಂಚೆ, ಬೇಸಿಗೆಯಲ್ಲಿ, ಅದೇ ಜಗಲಿಯ ಮೇಲೆ ಕೊನೆಯ ಪರೀಕ್ಷೆ ಮಾಡಿದೆ. ಚಾರ್ಟನ್ನು ಗೋಡೆಯ ಮೊಳೆಗೆ ಸಿಕ್ಕಿಸಿದೆ. ಬಲಗಣ್ಣಿಗೆ ಪಟ್ಟಿ ಇತ್ತು. ಒಂದೊಂದೇ ಗುರುತಿನ ಕೆಳಗೆ ಕಡ್ಡಿ ಇಟ್ಟೆ, ಅವಳು ಕೈ ತೋರಿಸುತ್ತ ಬಂದಳು. ಐದನೆಯ ಸಾಲು ಮುಗಿಯಿತು, ಒಂದೂ ತಪ್ಪಿಲ್ಲ. ನನ್ನ ಮುಖ ಅರಳಿರಬೇಕು. ಆರನೆಯ ಸಾಲಿಗೆ ಕಡ್ಡಿ ಇಟ್ಟೆ. ಅವಳ ಕೈ ಅರ್ಧ ಎದ್ದು, ಹಾಗೇ ಕೆಳಗಿಳಿಯಿತು.

"ಸಾ, ಕಾಣಾಕಿಲ್ಲ ಅಂದ್ರೆ ನಿಮ್ಗೆ ಬೇಜಾರಾಯ್ತದಾ?"

ಯಾಕವ್ವ ಹಾಗೆ ಕೇಳುತ್ತೀಯ ಎಂದೆ.

"ಅವತ್ತು ಎಲ್ಲಾರ್ನೂ ಕರ್ದು ಅಷ್ಟು ಖುಷಿಯಾಗಿ ನಗ್ತಿದ್ರಿ. ಈ ಕಣ್ಗೆ ಏನೂ ಕಾಣ್ತಿರ್ನಿಲ್ಲ. ನಿಲ್ಸುದ್ರೆ ನಿಮ್ ನಗು ಓಯ್ತದೆ ಅಂತ ಪೂರ್ತಿ ಏಳ್ಬುಟ್ಟೆ."

ಇಲ್ಲ ಕಣವ್ವ, ಬೇಜಾರಾಗಲ್ಲ, ಇದ್ದದ್ದು ಹೇಳು ಎಂದೆ.

"ಅಂಗಾರೆ ಕಾಣಾಕಿಲ್ಲ ಸಾ."

ಐದು ಸಾಲು ಎಂದು ಬರೆದುಕೊಂಡೆ. ಆಮೇಲೆ ಮೊಳೆ ಸರಿಮಾಡುವ ನೆಪದಲ್ಲಿ ಗೋಡೆಯ ಕಡೆ ತಿರುಗಿ ನಿಂತೆ. ನಾನು ಅಳುವುದು ಕಂಡರೆ, ನನಗೋಸ್ಕರ ಅವಳು ಮತ್ತೆ ಕಾಣುತ್ತದೆ ಎಂದುಬಿಟ್ಟಾಳೆಂದು ಹೆದರಿದೆ.